ಈರಪ್ಪ ಹೈಸ್ಕೂಲಿಗೆ ಹೋದದ್ದು

ನಾನು ಬದುಕಿದ್ದೇನೆ ಎಂಬುದನ್ನು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ಜಮಖಂಡಿಯ ಬ್ಯಾಂಕಿಗೆ ಹೋಗಿ ತಿಳಿಸಿ ಬರಬೇಕು. ಪೆನ್ಶನ್ ತೆಗೆದುಕೊಳ್ಳುವವರಿಗೆಲ್ಲ ಇದು ಕಡ್ಡಾಯ. ಈಗ ಫೋನಿಗೆ ಮುಖ ತೋರಿಸಿದರೂ ಸಾಕಂತೆ. ನನ್ನ ಮುಖವನ್ನು ಫೋನು ಎರಡು ಸಲ ಒಪ್ಪಲಿಲ್ಲವಾದ್ದರಿಂದ ನಾನೇ ಎದ್ದು ಹೋಗುತ್ತೇನೆ. ಮೊನ್ನೆ ಹೋದಾಗ ಕೌಂಟರಿನ ಹುಡುಗಿ ನನ್ನನ್ನೊಮ್ಮೆ, ಅರ್ಜಿಗೆ ಅಂಟಿಸಿದ ಫೋಟೊವನ್ನೊಮ್ಮೆ ನೋಡಿದಳು. ಇಬ್ಬರೂ ಒಬ್ಬರೇ ಇರಬಹುದು ಎಂಬ ತೀರ್ಮಾನಕ್ಕೆ ಬರಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಶಿಕ್ಕಾವನ್ನು ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಕುಟ್ಟಿದಳು. ಮಸಿ ಹೊಸದಿತ್ತು. ಅದರ ವಾಸನೆ ನೇರ ಮೂಗಿಗೆ ಬಂತು.

ನಿಮಗೆ ಆ ವಾಸನೆ ಏನನ್ನು ನೆನಪಿಸುತ್ತದೋ ತಿಳಿಯದು. ಮೂವತ್ತೇಳು ವರ್ಷ ಮಾಸ್ತರಿಕೆ ಮಾಡಿದ ನನಗೆ ಅದು ಮೇ ತಿಂಗಳ ವಾಸನೆ. ನಮ್ಮ ಸರಕಾರಿ ಶಾಲೆಗಳಲ್ಲಿ ಏಳನೆಯ ತರಗತಿ ಮುಗಿದರೆ ಮುಗಿಯಿತು, ಎಂಟಕ್ಕೆ ಹುಡುಗರು ಹೈಸ್ಕೂಲಿಗೆ ಹೋಗಬೇಕು. ಹೋಗುವ ಮುನ್ನ ನಮ್ಮಿಂದ ಒಂದು ಟಿ.ಸಿ. ಒಯ್ಯಬೇಕು. ಇಂಥ ಹುಡುಗ ನಮ್ಮಲ್ಲಿ ಓದಿದ, ಈಗ ಬಿಟ್ಟ, ನಡತೆ ಉತ್ತಮ ಎಂದು ಬರೆದು, ಸಹಿ ಮಾಡಿ, ಶಿಕ್ಕಾ ಹೊಡೆದು ಕೊಡುವ ಕಾಗದ. ನಡತೆ ಹೇಗೇ ಇರಲಿ, ಉತ್ತಮ ಎಂದೇ ಬರೆಯುತ್ತಿದ್ದೆವು. ಕಾಗದವನ್ನು ಹುಡುಗನ ಕೈಗಿಟ್ಟು ಬೆನ್ನು ತಟ್ಟಿದರೆ ನಮ್ಮ ಕೆಲಸ ಮುಗಿಯಿತು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅದು ಹಾಗಲ್ಲವೆಂದು ನನಗೆ ಗೊತ್ತಾದದ್ದು ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದಾಗ. ಕೆಲವರು ಕಲಿಯುವುದು ನಿಧಾನ ಎಂದು ನಾನೇ ಎಷ್ಟೋ ಮಕ್ಕಳ ಪ್ರಗತಿಪತ್ರದಲ್ಲಿ ಬರೆದಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಬನಹಟ್ಟಿಯ ನೇಕಾರ ಓಣಿಯ ಶಾಲೆಯಲ್ಲಿ. ಎಂಟು ವರ್ಷದ ಮೇಲೆ ಬೀಳಗಿ ಕಡೆಗೆ ವರ್ಗವಾಯಿತು. ಅಲ್ಲಿಂದ ಸಮೀರವಾಡಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಗಾಳಿ ಬೀಸಿದರೆ ಇಡೀ ತರಗತಿ ತೂಕಡಿಸುತ್ತಿತ್ತು. ಅದು ಕಾಕಂಬಿಯಿಂದಲೋ ನನ್ನ ಪಾಠದಿಂದಲೋ ಎಂದು ನಾನು ವಿಚಾರಣೆ ನಡೆಸಲಿಲ್ಲ. ಕೊನೆಯ ನಾಲ್ಕು ವರ್ಷಕ್ಕೆ ಮತ್ತೆ ಅದೇ ಬನಹಟ್ಟಿಯ ಶಾಲೆಗೆ, ಈ ಸಲ ಹೆಡ್‌ಮಾಸ್ತರನಾಗಿ ಬಂದೆ. ಓಣಿಯಲ್ಲಿ ನಡೆದರೆ ಸಾಕು, ಮಗ್ಗ ನಿಲ್ಲಿಸಿ ಹೊರಗೆ ಬಂದು "ನಿಮ್ಮ ಕೈಯಾಗ ಕಲ್ತೇವ್ರಿ ಸರ" ಎನ್ನುವವರು ಹತ್ತು ಹದಿನೈದು ಜನ. ನನಗದು ಬಹಳ ಖುಷಿಯ ಸಂಗತಿಯಾಗಿತ್ತು. ಏನು ಕಲಿತಿರಿ, ಎಲ್ಲಿಗೆ ನಿಂತಿತು ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ನಿವೃತ್ತಿಗೆ ಒಂದು ವರ್ಷವಿದ್ದ ಆ ಸಲ ಮೇಲಿನವರಿಂದ ಒಂದು ಸೂಚನೆ ಬಂತು. ಏಳನೆಯ ತರಗತಿ ಮುಗಿಸುವ ಮಕ್ಕಳ ತಂದೆತಾಯಿಯರನ್ನು ಕರೆದು, ಹೈಸ್ಕೂಲಿಗೆ ಮಕ್ಕಳನ್ನು ಕಳಿಸಲು ಮನೆಯವರನ್ನು ತಯಾರು ಮಾಡಬೇಕು, ಹಾಗೆ ತಯಾರು ಮಾಡಿದ್ದರ ಫೋಟೊ ಕಳಿಸಬೇಕು. ನಾನು ಒಂದು ಬ್ಯಾನರ್ ಬರೆಸಿದೆ. 'ಪ್ರೌಢಶಾಲಾ ಹಂತಕ್ಕೆ ಪಾದಾರ್ಪಣೆ: ಪೋಷಕರ ಪೂರ್ವಸಿದ್ಧತಾ ಸಭೆ.' ಶುದ್ಧ ಕನ್ನಡದ ಮೇಲೆ ನನಗೆ ಮೊದಲಿಂದಲೂ ಒಂದು ಮೋಹ. ಜಮಖಂಡಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ರೋಗ ಎಲ್ಲಿಂದ ಅಂಟಿತೆಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ.

ಇಪ್ಪತ್ತಾರು ಮಕ್ಕಳ ಮನೆಗೆ ಚೀಟಿ ಕಳಿಸಿದ್ದೆ. ಹನ್ನೊಂದು ಜನ ಬಂದರು. ಅವರಲ್ಲಿ ಒಬ್ಬರು ನಳಕ್ಕೆ ನೀರು ಯಾವಾಗ ಬರುತ್ತದೆ ಎಂದು ವಿಚಾರಿಸಲು ಬಂದವರು, ಇನ್ನೊಬ್ಬರು ಬಾಡಿಗೆ ಕುರ್ಚಿಯವರು. ಫೋಟೊ ತುಂಬಿ ಕಾಣಲೆಂದು ಹಿಂದಿನ ಸಾಲಿನಲ್ಲಿ ಐದನೆಯ ತರಗತಿಯ ಎತ್ತರದ ಹುಡುಗಿಯರನ್ನು ಕೂರಿಸಿದೆ. ಆಮೇಲೆ ನಲವತ್ತು ನಿಮಿಷ ಮಾತಾಡಿದೆ. ಪ್ರೌಢಶಾಲೆಯೆಂಬುದು ವಿದ್ಯಾರ್ಥಿ ಜೀವನದ ಮಹತ್ತರ ಘಟ್ಟವೆಂದೂ ಪೋಷಕರು ಮಾನಸಿಕವಾಗಿ ಸನ್ನದ್ಧರಾಗಬೇಕೆಂದೂ ಹೇಳಿದೆ. ಮಾತು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಸರ್ರ, ಪ್ರೌಢಶಾಲಿ ಅಂದ್ರ ಹೈಸ್ಕೂಲ ಏನ್ರಿ?"

"ಹೌದು ತಾಯಿ."

"ಹಂಗಂತ ಮೊದಲ ಹೇಳಬೇಕಿಲ್ರಿ. ನಾ ಬ್ಯಾರೆ ಯಾವುದೋ ಸಾಲಿ ಅಂತ ತಿಳಕೊಂಡು ಕುಂತಿದ್ದೆ."

ಅವಳು ಭಾಗ್ಯಶ್ರೀಯ ತಾಯಿ ಮಾದೇವಿ. ಭಾಗ್ಯಶ್ರೀ ಆ ತರಗತಿಯಲ್ಲಿ ಗಣಿತಕ್ಕೆ ಎಲ್ಲರಿಗಿಂತ ಮುಂದಿದ್ದ ಹುಡುಗಿ, ಮನೆಗೆ ಒಬ್ಬಳೇ ಮಗಳು. ಅಪ್ಪ ಈರಪ್ಪ ಮನೆಯಲ್ಲೇ ಪಾವರ್‌ಲೂಮ್ ನಡೆಸುತ್ತಿದ್ದ. ಅವನೂ "ನಿಮ್ಮ ಕೈಯಾಗ ಕಲ್ತೇನ್ರಿ" ಎನ್ನುವವರಲ್ಲಿ ಒಬ್ಬ. ಸಭೆಗೆ ಅವನು ಬಂದಿರಲಿಲ್ಲ.

ಮೇ ತಿಂಗಳಲ್ಲಿ ಇಪ್ಪತ್ತೈದು ಮಕ್ಕಳ ಮನೆಯವರು ಬಂದು ಟಿ.ಸಿ. ಒಯ್ದರು. ಭಾಗ್ಯಶ್ರೀಯದು ಉಳಿಯಿತು. ಈರಪ್ಪನಿಗೆ ಫೋನು ಮಾಡಿದೆ. ಬೀಗರ ಮದುವೆ ಇದೆ, ನಾಡದು ಬರುತ್ತೇನೆ ಎಂದ. ನಾಡದು ಮೋಟಾರು ಸುಟ್ಟಿತ್ತು. ಮುಂದಿನ ವಾರ ಕೇಳಿದರೆ ಅಂದು ಅಮಾಸಿ, ಅಮಾಸಿಯ ದಿನ ಕಾಗದ ಮನೆಗೆ ತರಬಾರದು ಎಂದ. ಈ ಶಾಸ್ತ್ರವನ್ನು ನಾನು ಮೊದಲ ಸಲ ಕೇಳಿದ್ದು. ಹೈಸ್ಕೂಲಿನಲ್ಲಿ ದಾಖಲು ಮಾಡಿಕೊಳ್ಳುವ ದಿನಗಳು ಮುಗಿಯುತ್ತ ಬಂದಿದ್ದವು. ಹೆಣ್ಣುಹುಡುಗಿ, ಕಳಿಸಲು ಅಪ್ಪನಿಗೆ ಮನಸ್ಸಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಅದಕ್ಕೆ ತಕ್ಕ ಭಾಷಣವೂ ನನ್ನಲ್ಲಿ ಸಿದ್ಧವಿತ್ತು. ಅದನ್ನು ತೆಗೆದುಕೊಂಡು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ.

ಮಗ್ಗ ನಡೆಯುವ ಮನೆಯಲ್ಲಿ ನೀವು ಎಂದಾದರೂ ಮಾತಾಡಿದ್ದೀರೋ ಇಲ್ಲವೋ. ಅಲ್ಲಿ ಮಾತೆಂದರೆ ಕೂಗು. ಮನೆಯವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ, ಹೊರಗಿನವರು ಗಂಟಲು ಹರಿದುಕೊಳ್ಳಬೇಕು. ಈರಪ್ಪ ಮಗ್ಗದ ಮುಂದೆ ನಿಂತಿದ್ದ. ಮಾದೇವಿ ಗೋಡೆಯ ಹತ್ತಿರ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಭಾಗ್ಯಶ್ರೀ ನನಗೊಂದು ಸ್ಟೂಲು ತಂದಿಟ್ಟು ಬಾಗಿಲಿಗೆ ಆತು ನಿಂತಳು.

"ಟಿ.ಸಿ. ಯಾವಾಗ ಒಯ್ತೀಪಾ?" ಎಂದು ಕೂಗಿದೆ.

"ಚಾ ಕುಡೀರಿ ಸರ!" ಎಂದು ಈರಪ್ಪ ಕೂಗಿದ.

"ಚಾ ಅಲ್ಲೋ, ಟಿ.ಸಿ.!"

"ಸಕ್ಕರಿ ಹಾಕಲೇನ್ರಿ?"

ಅವನಿಗೆ ಕೇಳಿಸುತ್ತಿತ್ತು ಎಂಬುದು ಅವನ ಮುಖದಿಂದಲೇ ಗೊತ್ತಾಗುತ್ತಿತ್ತು. ನಾನು ಸ್ಟೂಲಿನಿಂದ ಎದ್ದು, ಉಸಿರು ತುಂಬಿಕೊಂಡು, "ಹುಡುಗಿಗೆ ಹೈಸ್ಕೂಲ ಅಂದ್ರ ಅಂಜಿಕಿ ಐತೇನು?" ಎಂದು ಕಿರುಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಗೇ ನಿಂತವು. 'ಅಂಜಿಕಿ ಐತೇನು' ಎಂಬುದು ಮಾತ್ರ ಓಣಿಯ ಕೊನೆಯವರೆಗೆ ಹೋಯಿತು. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು ಯಾರಿಗೆ ಏನಾಯಿತೆಂದು ನೋಡಿ ಹೋದಳು.

ಆ ನಿಶ್ಶಬ್ದದಲ್ಲಿ ಮಾದೇವಿ ಕಂಡಿಕೆ ಕೆಳಗಿಟ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಅಕಿಗೇನ ಅಂಜಿಕಿ ಇಲ್ರಿ ಸರ. ಅಂಜಿಕಿ ಇರೂದು ಇವ್ರಿಗೆ."

ಈರಪ್ಪ ಮಗ್ಗದ ಮೇಲಿನ ಬಟ್ಟೆಯಲ್ಲಿ ಇಲ್ಲದ ಎಳೆ ಹುಡುಕತೊಡಗಿದ.

"ಆ ಸಾಲಿ ಗೇಟಿನ ಒಳಗ ಹೋಗಂಗಿಲ್ಲಂತ ಕುಂತಾರ್ರಿ. ಬ್ಯಾರೆ ಊರಿನ ಸಾಲಿಗೆ ಹಾಕೂಣು ಅಂದ್ರು, ಆತು ಅಂದೆ. ಅಲ್ಲಿಗೂ ಹೋಗಲಿಲ್ಲ. ನಾನ ಹೋಗತೇನಿ ಅಂದ್ರ ಇಕಿ ಒಲ್ಲೆ ಅಂತಾಳ."

ನಾನು ಭಾಗ್ಯಶ್ರೀಯ ಕಡೆ ತಿರುಗಿದೆ. "ನಾ ಕರಕೊಂಡ ಹೋಗತೇನಿ ಬಾರವಾ, ನಿಮ್ಮ ಅವ್ವನೂ ಬರಲಿ."

"ಒಲ್ಲೆರಿ," ಎಂದಳು. ಮೂರು ವರ್ಷದಲ್ಲಿ ಆ ಹುಡುಗಿ ನನಗೆ ಒಲ್ಲೆ ಎಂದದ್ದು ಅದೇ ಮೊದಲು. "ಅಪ್ಪ ಬಂದ್ರ ಹೋಗತೇನ್ರಿ. ಅವ ಯಾಕ ಬರಂಗಿಲ್ಲಂತ ಹೇಳಲಿ, ಇಲ್ಲಾ ಬರಲಿ. ಎರಡೂ ಇಲ್ಲಂದ್ರ ನಾನೂ ಹೋಗಂಗಿಲ್ಲ."

ನನ್ನ ಭಾಷಣ ಜೇಬಿನಲ್ಲೇ ಉಳಿಯಿತು. ಹೆಣ್ಣುಮಕ್ಕಳ ಶಿಕ್ಷಣದ ಮಹತ್ವವನ್ನು ಆ ಮನೆಯಲ್ಲಿ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಹೈಸ್ಕೂಲಿಗೆ ತಯಾರು ಮಾಡಬೇಕಾಗಿದ್ದದ್ದು ಅಪ್ಪನನ್ನು. ಅವನಿಗಾಗ ನಲವತ್ತಮೂರು ವರ್ಷ.

ಮರುದಿನ ಅವನಿಗೆ ಫೋನು ಮಾಡಿ, "ಒಳಗ ಹೋಗೂದು ಬ್ಯಾಡ, ಬರೇ ಎದುರಿನ ಅಂಗಡ್ಯಾಗ ಚಾ ಕುಡಿದು ಬರೂಣು ಬಾ," ಎಂದೆ. ಚಹಾಕ್ಕೆ ಇಲ್ಲ ಎನ್ನುವ ಸಂಸ್ಕೃತಿ ನಮ್ಮಲ್ಲಿಲ್ಲ. ತನ್ನ ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದ. ಹೈಸ್ಕೂಲು ಊರಿನ ಆಚೆ ತುದಿಗಿತ್ತು. ಗೇಟಿನ ಎದುರಿನ ಚಾದಂಗಡಿಯಲ್ಲಿ ಅವನು ಗೇಟಿಗೆ ಬೆನ್ನು ಮಾಡಿ ಕೂತ.

"ಯಾರರ ಹೊಡದಿದ್ರೇನು ಅಲ್ಲಿ?" ಎಂದು ಕೇಳಿದೆ.

"ಇಲ್ರಿ."

"ಬೈದಿದ್ರೇನು?"

"ಇಲ್ರಿ. ಯಾರೂ ಮಾತ ಆಡಸಲಿಲ್ರಿ."

ಎರಡು ಗುಟುಕು ಚಹಾ ಕುಡಿದ ಮೇಲೆ ಅವನೇ ಶುರುಮಾಡಿದ. ಏಳು ಮುಗಿಸಿ ಟಿ.ಸಿ. ತೆಗೆದುಕೊಂಡು ಒಬ್ಬನೇ ಈ ಹೈಸ್ಕೂಲಿಗೆ ಬಂದಿದ್ದ. ಅವನ ಅಪ್ಪ ಮಗ್ಗ ಬಿಟ್ಟು ಬರುವ ಹಾಗಿರಲಿಲ್ಲ. ಆಫೀಸಿನವರು ಟಿ.ಸಿ. ನೋಡಿದರು, ಅಂಕಪಟ್ಟಿ ನೋಡಿದರು. ಅಂಕಪಟ್ಟಿಯಲ್ಲಿ ಈರಪ್ಪ, ಟಿ.ಸಿ.ಯಲ್ಲಿ ವೀರಪ್ಪ. ಇದು ನೀನೋ ಅದು ನೀನೋ ಎಂದು ಕೇಳಿದರು. ಎರಡೂ ನಾನೇ ಎಂದ. ಹಾಗೆ ಬರುವುದಿಲ್ಲ, ತಿದ್ದಿಸಿಕೊಂಡು ಬಾ, ಅಲ್ಲಿಯವರೆಗೆ ಬೇಕಾದರೆ ತರಗತಿಯಲ್ಲಿ ಕೂತಿರು ಎಂದರು.

"ಕುಂತೇರಿ. ಮುಂಜಾನೆದ್ದ ಹಾಜರಿ ಕರದ್ರು. ಎಲ್ಲಾರ ಹೆಸರೂ ಬಂತು, ನಂದು ಬರಲಿಲ್ಲ. ಮರುದಿನಾನೂ ಬರಲಿಲ್ಲ. ಕಾಗದ ತಿದ್ದಿಸಬೇಕಂತ ಶನಿವಾರ ಸಾಲಿ ಬಿಟ್ಟ ಮ್ಯಾಲೆ ನಮ್ಮ ಸಾಲಿಗೆ ಬಂದೆ. ಮಾಸ್ತರ್ರೆಲ್ಲಾ ಕ್ಯಾರಂ ಆಡಾಕತ್ತಿದ್ರಿ. ಸೋಮವಾರ ಬಾ ಅಂದ್ರು. ಸೋಮವಾರ ಹೋದ್ರ, ಹೆಡ್‌ಮಾಸ್ತರ್ರು ಜಮಖಂಡಿಗೆ ಹೋಗ್ಯಾರ, ಶಿಕ್ಕಾ ಕಪಾಟಿನ್ಯಾಗ ಐತಿ, ಕೀಲಿ ಅವರ ಕಡೆ ಐತಿ, ಮುಂದಿನ ವಾರ ಬಾ ಅಂದ್ರು. ಮತ್ತ ಒಂದಿನ ಹೈಸ್ಕೂಲಿಗೆ ಹೋಗಿ ಕುಂತೆ. ಮತ್ತ ಹಾಜರಿ ಕರದ್ರು. ನಾ ಅಲ್ಲಿ ಕುಂತಿದ್ದು ಯಾರಿಗೂ ಗೊತ್ತ ಇರಲಿಲ್ರಿ ಸರ. ಅವತ್ತ ಎದ್ದು ಮನಿಗೆ ಹೋದಾಂವ ಮತ್ತ ಬರಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆದ ವಾರ ಬಸ್ಸು ತಪ್ಪಿದ್ದನ್ನು ಹೇಳುವ ಹಾಗೆ ಹೇಳಿದ. ನನಗೇ ಸಿಟ್ಟು ಬಂದಿತ್ತು. ಒಂದು ಅಕ್ಷರ ತಿದ್ದಲು ಹುಡುಗನನ್ನು ಎರಡು ಸಲ ಓಡಿಸಿದವರು ಯಾರಿರಬಹುದೆಂದು ಆ ಕಾಲದ ಸಹೋದ್ಯೋಗಿಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ, ಇಂಥದ್ದು ಮಾಡಬಲ್ಲ ಇಬ್ಬರನ್ನು ಗುರುತು ಕೂಡ ಹಾಕಿದ್ದೆ.

"ಯಾವ ಮಾಸ್ತರೋ ಅಂವ, ಸೋಮವಾರ ಬಾ ಅಂದಾಂವ?"

ಈರಪ್ಪ ಕಪ್ಪನ್ನು ಕೂತಿದ್ದ ಬಾಕಿನ ಮೇಲಿಟ್ಟ.

"ನೀವ್ರಿ."

ಆ ಶನಿವಾರಗಳ ಕ್ಯಾರಂ ನನಗೆ ಚೆನ್ನಾಗಿ ನೆನಪಿದೆ. ಬೋರ್ಡಿನ ಎಡಗಡೆಯ ಮೂಲೆ ಸ್ವಲ್ಪ ಇಳಿಜಾರಿತ್ತು, ರಾಣಿಯನ್ನು ಅಲ್ಲಿಗೆ ಬಿಟ್ಟರೆ ತಾನೇ ಹೋಗಿ ಬೀಳುತ್ತಿತ್ತು, ಅದು ನನಗೊಬ್ಬನಿಗೇ ಗೊತ್ತಿತ್ತು. ಯಾರ ಜೋಡಿಯಾಗಿ ಯಾರ ಮೇಲೆ ಗೆದ್ದೆ ಎಂದು ಇವತ್ತು ಕೇಳಿದರೂ ಹೇಳುತ್ತೇನೆ. ಬಾಗಿಲಲ್ಲಿ ಕಾಗದ ಹಿಡಿದು ನಿಂತ ಹುಡುಗ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ನಾನು ಎತ್ತರದ ದನಿಯಲ್ಲಿ ಬೈದಿದ್ದರೆ ನೆನಪಿರುತ್ತಿತ್ತೋ ಏನೋ. ಬೈದಿರಲಿಲ್ಲ. ಆಟದ ಮಧ್ಯೆ ತಲೆಯೆತ್ತದೆ ಒಂದು ಮಾತು ಹೇಳಿದ್ದೆ ಅಷ್ಟೆ.

"ತಪ್ಪಾತು ಈರಪ್ಪ," ಎಂದೆ.

"ಇರಲಿ ಬಿಡ್ರಿ. ಚಾ ಆರತೈತಿ, ಕುಡೀರಿ," ಎಂದ. ನನ್ನ ಕೈಯಲ್ಲಿ ಕಪ್ಪು ಹಾಗೇ ಇತ್ತು.

ಅವನು ನನ್ನನ್ನು ಶಾಲೆಯ ಹತ್ತಿರ ಇಳಿಸಿ ಹೋದ. ಶಾಲೆಗೆ ರಜೆ. ನಾನು ಒಬ್ಬನೇ ಒಳಗೆ ಹೋಗಿ, ಕಪಾಟು ತೆಗೆದು, ಹಳೆಯ ಟಿ.ಸಿ. ರಜಿಸ್ಟರನ್ನು ಹೊರಗೆಳೆದೆ. ಕೈಬರಹ ತಪ್ಪಿರಬಹುದು, ಅವಸರದಲ್ಲಿ ಒಂದು ಅಕ್ಷರ ಬದಲಾಗಿರಬಹುದು ಎಂದು ಅಷ್ಟು ಹೊತ್ತು ಸಮಾಧಾನ ಮಾಡಿಕೊಳ್ಳುತ್ತ ಬಂದಿದ್ದೆ. ಆ ವರ್ಷದ ಪುಟದಲ್ಲಿ ನನ್ನದೇ ದುಂಡು ಅಕ್ಷರ. ವೀರಪ್ಪ. ಅದರ ಕೆಳಗೆ, ಓಣಿಯಲ್ಲೆಲ್ಲ ಮಲ್ಲವ್ವ ಎನಿಸಿಕೊಂಡ ಹುಡುಗಿಗೆ ಮಲ್ಲಮ್ಮ. ಬಸಪ್ಪನಿಗೆ ಬಸವಪ್ಪ. ನಾನು ತಪ್ಪು ಬರೆದಿರಲಿಲ್ಲ, ತಿದ್ದಿದ್ದೆ. ತಾಯಿತಂದೆ ಇಟ್ಟ ಹೆಸರು ಅಶುದ್ಧವಾಗಿ ಕಂಡಿತ್ತು, ಶುದ್ಧ ಮಾಡಿ ಕಳಿಸಿದ್ದೆ. ಉಳಿದವರು ಹೇಗೋ ದಾಟಿಕೊಂಡಿದ್ದಾರು. ದಾಟಿಕೊಂಡರೋ ಇಲ್ಲವೋ ಎಂದು ತಿಳಿಯುವ ಧೈರ್ಯ ಅವತ್ತು ನನಗಿರಲಿಲ್ಲ.

ಎರಡು ದಿನ ಬಿಟ್ಟು ಈರಪ್ಪನೇ ಫೋನು ಮಾಡಿದ. "ಹುಡುಗಿಗೆ ಎಲ್ಲಾ ಹೇಳಿನ್ರಿ. ನಡಿ ಹೋಗೂಣು ಅಂದ್ಳು," ಎಂದ. ಅಷ್ಟು ಸುಲಭಕ್ಕೆ ನಡೆಯುತ್ತದೆಂದು ಅವನಿಗೂ ಗೊತ್ತಿರಲಿಲ್ಲವೇನೋ, ದನಿಯಲ್ಲಿ ಸ್ವಲ್ಪ ಅನುಮಾನವಿತ್ತು.

ದಾಖಲು ಮಾಡುವ ಕೊನೆಯ ದಿನ ನಾವು ನಾಲ್ವರೂ ಹೋದೆವು. ಟಿ.ಸಿ.ಯನ್ನು ಹಿಂದಿನ ದಿನ ಅವರ ಮನೆಯಲ್ಲೇ ಕೂತು ಓದಿ ನೋಡಿದ್ದೆವು. ಭಾಗ್ಯಶ್ರೀ ಎಂಬುದನ್ನು ಈರಪ್ಪ ಆಧಾರ್ ಕಾರ್ಡಿನ ಪಕ್ಕ ಇಟ್ಟು ಅಕ್ಷರಕ್ಕೊಂದು ಬೆರಳಿಟ್ಟು ನೋಡಿದ. ತನ್ನ ಹೆಸರನ್ನು ಮೂರು ಸಲ ನೋಡಿದ. ಇ ಅಲ್ಲ ಈ, ವೀ ಅಲ್ಲ ಈ. ಸರಿ ಇದೆ ಎಂದ. ಆದರೂ ಹೊರಡುವ ಮುನ್ನ ನಾನು ಶಾಲೆಯ ಶಿಕ್ಕಾವನ್ನೂ ಪ್ಯಾಡನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಶಿಕ್ಕಾ ಶಾಲೆಯ ಹೊರಗೆ ಹೋಗಬಾರದೆಂಬ ನಿಯಮವಿದೆ. ಹೋಯಿತು.

ಗೇಟಿನ ಹತ್ತಿರ ಈರಪ್ಪ ಚಪ್ಪಲಿಯ ಪಟ್ಟಿ ಸರಿಮಾಡಲು ನಿಂತ. ಪಟ್ಟಿ ಸರಿಯೇ ಇತ್ತು. ಮಗಳು ಕಾದಳು. ಒಳಗೆ ಆಫೀಸಿನಲ್ಲಿ ವಯಸ್ಸಿನಲ್ಲಿ ಚಿಕ್ಕವಳಾದ ಒಬ್ಬ ಕ್ಲರ್ಕ್ ಕೂತಿದ್ದಳು. ಟಿ.ಸಿ. ತೆಗೆದುಕೊಂಡಳು, ಮೂವರ ಆಧಾರ್ ತೆಗೆದುಕೊಂಡಳು, ಕಂಪ್ಯೂಟರಿಗೆ ಒಂದೊಂದೇ ಹೊಡೆಯುತ್ತ ಬಂದಳು. ಆಮೇಲೆ ಕೈ ನಿಂತಿತು.

"ತಾಯಿ ಹೆಸರ ಹೊಂದವಲ್ತಲ್ರಿ. ಆಧಾರದಾಗ ಮಾದೇವಿ ಐತಿ, ಟಿ.ಸಿ.ದಾಗ ಮಹಾದೇವಿ ಐತಿ. ತಿದ್ದಿಸಿಕೊಂಡ ಬರ್ರಿ."

ನಿನ್ನೆ ಮೂವರು ಸೇರಿ ಓದಿದ್ದೆವಲ್ಲ, ತಾಯಿಯ ಹೆಸರನ್ನು ಯಾರೂ ನೋಡಿರಲಿಲ್ಲ. ಆ ಟಿ.ಸಿ. ಬರೆದದ್ದೂ ನಾನೇ. ಮೂವತ್ತು ವರ್ಷದಲ್ಲಿ ನನ್ನ ಕನ್ನಡದ ಶುದ್ಧಿ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ.

'ತಿದ್ದಿಸಿಕೊಂಡ ಬರ್ರಿ' ಎಂಬ ಮಾತು ಕಿವಿಗೆ ಬಿದ್ದದ್ದೇ ಈರಪ್ಪ ಎದ್ದ. ಬಾಗಿಲು ದಾಟಿ, ಮೆಟ್ಟಿಲು ಇಳಿದು, ಗೇಟಿನ ಕಡೆಗೆ ನಡೆಯತೊಡಗಿದ. ಓಡುತ್ತಿರಲಿಲ್ಲ, ಆದರೆ ಹಿಂದೆ ತಿರುಗುವವನ ನಡಿಗೆಯೂ ಅದಲ್ಲ. ಮಾದೇವಿ "ಏನ್ರಿ" ಎಂದಳು. ಭಾಗ್ಯಶ್ರೀ ಓಡಿಹೋಗಿ ಅವನ ಅಂಗಿಯ ತೋಳು ಹಿಡಿದಳು. ಅಲ್ಲಿಂದ ನಮಗೆ ಕೇಳಿಸಿದ್ದು ಇಷ್ಟು.

"ಅಪ್ಪಾ, ಇವತ್ತ ಸೋಮವಾರ ಅಲ್ಲ. ಸರ್ರು ಇಲ್ಲೇ ಅದಾರ. ಬಾ, ಕುಂದರು."

ಆಮೇಲೆ ಅವನು ಮಗಳ ಹಿಂದೆ ಬಂದು, ಆಫೀಸಿನ ಬಾಕಿನ ಮೇಲೆ ಕೂತು, ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡ. "ತಿದ್ದೂತನಕಾ ನಾ ಇಲ್ಲೇ ಕುಂದರತೇನ್ರಿ ಬಾಯಾರ," ಎಂದು ಕ್ಲರ್ಕ್‌ಗೆ ಹೇಳಿದ.

ನಾನು ಪ್ಲಾಸ್ಟಿಕ್ ಚೀಲ ಬಿಚ್ಚಿದೆ. ಅವಳ ಟೇಬಲ್ಲಿನ ಮೇಲೆಯೇ 'ಮಹಾ'ಕ್ಕೆ ಅಡ್ಡಗೆರೆ ಎಳೆದು 'ಮಾ' ಬರೆದೆ. ಪಕ್ಕದಲ್ಲಿ ಸಹಿ ಮಾಡಿ ಶಿಕ್ಕಾ ಹೊಡೆದೆ.

"ಶಿಕ್ಕಾ ಹೊತ್ಕೊಂಡ ಅಡ್ಡ್ಯಾಡತೀರೇನ್ರಿ ಸರ?" ಎಂದು ಕ್ಲರ್ಕ್ ಕೇಳಿದಳು.

"ಈ ವರ್ಷದಿಂದ," ಎಂದೆ.

ಮಾದೇವಿ ಬಗ್ಗಿ ಆ ಕಾಗದವನ್ನು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. "ನನ್ನ ಹೆಸರ ಅಷ್ಟ ದೊಡ್ಡದ ಯಾಕ ಮಾಡಿದ್ರಿ ಸರ್ರ, ಇದ್ದದ್ದ ಸಾಕಾಗಿತ್ತು," ಎಂದಳು.

ಶಾಲೆ ಶುರುವಾದ ದಿನ ನಾನು ಅಲ್ಲಿಗೆ ಹೋಗುವ ಕಾರಣವೇನೂ ಇರಲಿಲ್ಲ. ನಮ್ಮ ಶಾಲೆಯಲ್ಲೂ ಅಂದೇ ಪ್ರಾರಂಭೋತ್ಸವ. ಅಲ್ಲಿ ತೋರಣ ಕಟ್ಟಿಸಿ, ಹತ್ತು ನಿಮಿಷ ಎಂದು ಸಹಶಿಕ್ಷಕಿಗೆ ಹೇಳಿ, ಆಟೋ ಹಿಡಿದೆ. ಹೈಸ್ಕೂಲಿನ ವರಾಂಡದಲ್ಲಿ, ಎಂಟನೆಯ ತರಗತಿಯ ಕಿಟಕಿಯ ಹೊರಗೆ, ಈರಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನನ್ನನ್ನು ನೋಡಿ ನಾಚಿಕೊಂಡ, ಆದರೆ ಜಾಗ ಬಿಟ್ಟು ಕದಲಲಿಲ್ಲ. ಒಳಗೆ ಹಾಜರಿ ನಡೆದಿತ್ತು. ನಮ್ಮ ಕಡೆ ಹಾಜರಿ ಕರೆಯುವಾಗ ಮಗುವಿನ ಹೆಸರಿನ ಹಿಂದೆಯೇ ಅಪ್ಪನ ಹೆಸರೂ ಬರುತ್ತದೆ. ನಿಮಗಿದು ಗೊತ್ತಿರಬಹುದು. ನಾನು ಸಾವಿರಾರು ಸಲ ಕರೆದಿದ್ದೇನೆ, ಅದರ ಬಗ್ಗೆ ವಿಚಾರ ಮಾಡಿರಲಿಲ್ಲ.

"ಭಾಗ್ಯಶ್ರೀ ಈರಪ್ಪ," ಎಂದು ಒಳಗಿನ ಶಿಕ್ಷಕಿ ಕರೆದರು.

"ಹಾಜರ್ರಿ," ಎಂದಳು ಭಾಗ್ಯಶ್ರೀ.

ಈರಪ್ಪ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಸರಳನ್ನು ಹಿಡಿದಿದ್ದ ಕೈ ಬಿಟ್ಟು, ಬೈಕಿನ ಕೀಲಿಗಾಗಿ ಜೇಬು ತಡಕಿದ. ಎರಡೂ ಜೇಬು ತಡಕಿದ. ಕೀಲಿ ಗಾಡಿಯಲ್ಲೇ ಇತ್ತು. "ಮಗ್ಗ ನಿಂತೈತ್ರಿ ಸರ, ಹೋಗತೇನಿ," ಎಂದು ಹೋಗಿಬಿಟ್ಟ.

ಮುಂದಿನ ವರ್ಷ ನನ್ನ ನಿವೃತ್ತಿಯಾಯಿತು. ಹಾರ ಹಾಕಿ, ಶಾಲು ಹೊದಿಸಿ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ಗುಣಗಳನ್ನು ಹೇಳಿದರು. ಮನೆಯಲ್ಲಿ ಕೂತು ತಿಂಗಳಾಗುವುದರೊಳಗೆ ಹೆಂಡತಿ, "ನಿಮಗ ಹೊರಗೆಲ್ಲೂ ಕೆಲಸ ಇಲ್ಲೇನು?" ಎಂದಳು. ಇತ್ತು. ಆ ಓಣಿಯ ಹಾಗೂ ಅದರ ಆಚೀಚಿನ ಓಣಿಗಳ ಏಳನೆಯ ತರಗತಿಯ ಮಕ್ಕಳ ಮನೆಗಳಿಗೆ ಹೋಗತೊಡಗಿದೆ. ಬ್ಯಾನರ್ ಇಲ್ಲ, ಕುರ್ಚಿ ಇಲ್ಲ. ಮೊದಲು ಕಾಗದಗಳನ್ನೆಲ್ಲ ಹೊರಗೆ ತೆಗೆಸಿ ತಾಯಿಯ ಹೆಸರಿನಿಂದ ಶುರುಮಾಡಿ ಅಕ್ಷರಕ್ಕಕ್ಷರ ನೋಡುತ್ತೇನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಮನೆಯಲ್ಲಿ ಹೈಸ್ಕೂಲಿಗೆ ಹೋದವರು ಯಾರು, ಬಿಟ್ಟವರು ಯಾರು, ಯಾಕೆ ಬಿಟ್ಟರು? ಉತ್ತರ ಬರಲು ಬಹಳ ದಿನ ಹಿಡಿಯುತ್ತದೆ. ಮೇ ತಿಂಗಳಲ್ಲಿ ಹೋದರೆ ಆಗುವುದಿಲ್ಲ. ಅದಕ್ಕೇ ನವೆಂಬರಿನಲ್ಲೇ ಶುರು. ಈರಪ್ಪನಿಗೆ ಮಗ್ಗದಿಂದ ಬಿಡುವಾದಾಗ ಅವನೂ ಜೊತೆಗೆ ಬರುತ್ತಾನೆ. ಭಾಗ್ಯಶ್ರೀ ಈಗ ಹತ್ತರಲ್ಲಿದ್ದಾಳೆ. ಅಪ್ಪ ಮನೆಯಲ್ಲಿಲ್ಲದಿದ್ದರೆ ಓದು ಛಲೋ ಆಗುತ್ತದೆ ಎನ್ನುತ್ತಾಳಂತೆ.

ಮೊನ್ನೆಯೂ ಹಾಗೆಯೇ. ನಾನು ಬದುಕಿದ್ದೇನೆಂದು ಬ್ಯಾಂಕಿನಲ್ಲಿ ಒಪ್ಪಿಸಿದ ಮೇಲೆ ಬನಹಟ್ಟಿಯ ಬಸ್ಸು ಹತ್ತಿದೆ. ಈರಪ್ಪ ಸ್ಟ್ಯಾಂಡಿನಲ್ಲಿ ಕಾದಿದ್ದ. ಇಬ್ಬರೂ ಹಿಂದಿನ ಓಣಿಯ ಒಂದು ಮನೆಗೆ ಹೋದೆವು. ಕಾವೇರಿ ಎಂಬ ಹುಡುಗಿ ಅಲ್ಲಿ ಏಳನೆಯ ತರಗತಿ. ಅವಳ ತಾಯಿತಂದೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದದ್ದು ಅಜ್ಜಿ ದುಂಡವ್ವ ಮತ್ತು ಹುಡುಗಿ. ಅಜ್ಜಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ನಾನು ಕೇಳುವ ಮೊದಲೇ ತಾನು ಕೇಳಿದಳು.

"ಹೈಸ್ಕೂಲ ಹೈಸ್ಕೂಲ ಅಂತ ಈ ಹುಡುಗಿ ದಿನಾ ಅಂತೈತಿ. ಅಲ್ಲಿ ಏನ ಇರತೈತ್ಯೋ ಮಾಸ್ತರ? ನಾ ಯಾವ ಸಾಲೀನೂ ಒಳಗ ಹೋಗಿ ನೋಡಿಲ್ಲ."

ಇಂಥ ಪ್ರಶ್ನೆಗೆ ನನ್ನ ಬಾಯಿಗೆ ಈಗಲೂ ಮೊದಲು ಬರುವುದು 'ಉಜ್ವಲ ಭವಿಷ್ಯ' ಎಂಬುದೇ. ಅದನ್ನು ತಡೆಹಿಡಿದು ಬೇರೆ ಪದ ಹುಡುಕುವಷ್ಟರಲ್ಲಿ ಈರಪ್ಪ ಶುರುಮಾಡಿದ್ದ.

"ಮೊದಲ ಒಂದ ಗೇಟ ಐತಿ ಆಯಿ, ಹಸರ ಬಣ್ಣದ್ದು. ದೊಡ್ಡ ಗೇಟ ಹಾಕಿರತಾರ, ಬಾಜೂಕ ಸಣ್ಣದೊಂದ ತಗದಿರತೈತಿ, ಅದರಾಗ ಹೋಗಬೇಕು. ಆಮ್ಯಾಲ ಆರ ಮೆಟ್ಟಲಾ. ಎಡಕ್ಕ ಆಫೀಸು. ಅಲ್ಲಿ ಒಬ್ಬಾಕಿ ಬಾಯಾರ ಕುಂದರತಾರ, ದನಿ ಬಿರಸು, ಮನಸು ಛಲೋ. ಬಲಕ್ಕ ಹೋದ್ರ ಎಂಟನೇ ಕ್ಲಾಸ. ಕಿಡಕ್ಯಾಗ ನಿಂತ್ರ ಒಳಗಿಂದೆಲ್ಲಾ ಕೇಳತೈತಿ."

"ಕುಂದರಾಕ ಜಾಗಾ ಐತೇನು? ನನ್ನ ಮೊಣಕಾಲ ಹಿಡಿತಾವು."

"ಆಫೀಸನ್ಯಾಗ ಬಾಕ ಐತಿ. ಎಷ್ಟ ಹೊತ್ತ ಕುಂತ್ರೂ ಯಾರೂ ಏಳ ಅನ್ನಂಗಿಲ್ಲ. ನಾ ಕುಂತ ಬಂದೇನಿ."

ದುಂಡವ್ವ ಗೋಡೆ ಹಿಡಿದು ಎದ್ದು, ಗೂಟದ ಮೇಲಿನ ಸೀರೆ ತೆಗೆದುಕೊಂಡು, "ಹಿಂದಕ ತಿರಗಿ ಕುಂದರ್ರಿ ಇಬ್ಬರೂ, ಸೀರಿ ಉಟಗೋತೇನಿ. ಹೋಗಿ ನೋಡಿ ಬರೂಣು," ಎಂದಳು.

ಕಾವೇರಿ ಹೈಸ್ಕೂಲು ಸೇರಲು ಇನ್ನೂ ಏಳು ತಿಂಗಳಿದೆ ಎಂದು ನಾನು ಹೇಳಲಿಲ್ಲ. ಈರಪ್ಪ ಹೋಗಿ ಆಟೋ ಕರೆದು ತಂದ.